ಸಹಿ ಒಂದು, ಬಾಡಿಗೆದಾರರು ಇಬ್ಬರು

ಅತೀಕ,

ಇವತ್ತು ಶಹಾಪುರದ ಕೋರ್ಟಿನಲ್ಲಿ ನಮ್ಮ ಟೇಲರ್ ಅಂಗಡಿಯ ತೀರ್ಪು ಬಂತು. ನೀನು ತೀರಿಕೊಂಡ ತಿಂಗಳಿಗೇ ಮಾಲೀಕ ನನ್ನಿಂದ ಅಂಗಡಿ ಬಿಡಿಸಲು ದಾವೆ ಹೂಡಿದ್ದ. ಬಾಡಿಗೆ ಕರಾರಿನಲ್ಲಿ ಇದ್ದದ್ದು ಅಂಗಡಿಯ ಹೆಸರು ಮಾತ್ರ, ಕೆಳಗೆ ನಿನ್ನೊಬ್ಬನ ಸಹಿ. ನನ್ನನ್ನು ಹೊರಗಿಟ್ಟು ಎಲ್ಲ ನಿನ್ನ ಹೆಸರಿಗೇ ಮಾಡಿಕೊಂಡೆ ಎಂದು ನಾನು ಜಗಳ ತೆಗೆದದ್ದೂ, ನೀನು ಕತ್ತರಿ ಎತ್ತಿಕೊಂಡು ಸುರಪುರಕ್ಕೆ ಹೊರಟುಹೋದದ್ದೂ ಅದೇ ಸಹಿಗಾಗಿ.

ಹೋದ ತಾರೀಖಿಗೆ ನಿನ್ನ ಹೆಂಡತಿ ಗೌಹರ ಭಾಭಿ ಸಾಕ್ಷಿ ಹೇಳಲು ಬಂದರು. ಮಾಲೀಕನೇ ಕರೆಸಿರಬೇಕು ಎಂದುಕೊಂಡೆ. ಕೋರ್ಟಿಗೆ ಕೊಡುವ ಮೊದಲು ಅವರು ಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು. ಕರಾರಾದ ಮರುವರ್ಷ ಛತ್ತು ಸೋರಿದಾಗ ನೀನು ಮಾಲೀಕನಿಗೆ ಬರೆದ ಪತ್ರದ ನಕಲು ಅದು. ಪತ್ರ ಮುಟ್ಟಿದೆ ಎಂದು ಮಾಲೀಕನ ರುಜುವೂ ಅದರ ಮೇಲಿತ್ತು. "ನಾನು, ಭೀಮಾಶಂಕರ ಇಬ್ಬರೂ ನಿಮ್ಮ ಬಾಡಿಗೆದಾರರು" ಎಂದು ನೀನು ಬರೆದಿದ್ದೆ.

ತಾರೀಖು ತಿದ್ದಿದೆಯೇನೋ ಎಂದು ಬೆಳಕಿಗೆ ಹಿಡಿದೆ.

"ಏನ್ ಹುಡುಕಾಕತ್ತೀರಿ ಭಾಯಿ?" ಎಂದರು ಭಾಭಿ.

"ಇದನ್ನ ಅಂವ ನನಗ್ಯಾಕ ತೋರಿಸಲಿಲ್ರಿ?"

"ನೀವು ಕೇಳಲಿಲ್ರಿ. ಬೈದ್ರಿ."

ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಸಾಕ್ಷಿ ಮುಗಿದ ಮೇಲೆ, ಇವರಿಗೇನು ಬೇಕಾಗಿದೆ ಎಂದು ಬಸ್‌ಸ್ಟ್ಯಾಂಡಿನವರೆಗೂ ಯೋಚಿಸುತ್ತ ಅವರ ಜೊತೆ ನಡೆದೆ. ಅವರು ಏನೂ ಕೇಳದೆ ಸುರಪುರದ ಬಸ್ ಹತ್ತಿದರು.

ಕರಾರಿನ ಮಾತು ಸ್ಪಷ್ಟವಿಲ್ಲದಿದ್ದರೂ ಆಮೇಲೆ ನೀನು ಬರೆದದ್ದು, ಮಾಲೀಕ ಒಪ್ಪಿ ಛತ್ತು ಸರಿಮಾಡಿಸಿದ್ದು ನೋಡಿದರೆ ಬಾಡಿಗೆದಾರರು ಇಬ್ಬರು ಎಂದು ನ್ಯಾಯಾಧೀಶರು ಹೇಳಿದರು. ಅಂಗಡಿ ನನಗೆ ಉಳಿಯಿತು.

ನಿನ್ನನ್ನು ಮಣ್ಣು ಮಾಡಿದ ದಿನ ನಾನು ಈ ಅಂಗಡಿಯ ಬಾಗಿಲು ಮುಚ್ಚಿರಲಿಲ್ಲ.

ಭೀಮಾಶಂಕರ