ಟ್ಯಾಂಕಿಗೆ ಹೆಪ್ಪು

ಮಾರ್ಚ್ 3, ಬೆಳಿಗ್ಗೆ 6.30, ಕೊಳಚೆ ಶುದ್ಧೀಕರಣ ಪ್ಲಾಂಟ್

ಗಾಳಿ ಊದುವ ಏರೇಟರ್ ಸರಿಯಾಗಿದೆ. ಟ್ಯಾಂಕಿನ ನೀರು ಕಾಫಿ ಬಣ್ಣ. ಒಳಹರಿವು ಜೋರು — ದ್ವೀಪದಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆಂದು ನನ್ನಷ್ಟು ಬಲ್ಲವರಿಲ್ಲ. ಮೈಕ್ರೋಸ್ಕೋಪಿನಲ್ಲಿ ನನ್ನ ಹುಳಗಳು ಚುರುಕು. ಕೊಳಕು ತಿನ್ನುವ ಕೆಲಸ ಅವುಗಳದು, ಸಂಬಳ ನನಗೆ.

14ಕ್ಕೆ ಮಾಲಿನ್ಯ ಮಂಡಳಿಯ ಸಾಹೇಬರು ಸ್ಯಾಂಪಲ್‌ಗೆ ಬರುತ್ತಾರೆ. ನಮ್ಮ ನೀರು ಸೇರುವುದು ಸಮುದ್ರಕ್ಕೆ; ಫೇಲಾದರೆ ಬೀಚಿಗೆ ಕೆಂಪು ಬೋರ್ಡು, ಯಾರೂ ಸಮುದ್ರಕ್ಕೆ ಇಳಿಯುವಂತಿಲ್ಲ. ನಾನು ಇನ್‌ಚಾರ್ಜ್ ಆಗಿ ಎರಡೇ ತಿಂಗಳು. ಹುರುಪಿನಲ್ಲಿ ಮನೆ ಮನೆಗೂ ನೋಟೀಸು ಹಂಚಿದೆ: ತಪಾಸಣೆ ಇದೆ, ಶೌಚಾಲಯ ಶುಚಿಯಾಗಿಡಿ.

ಮಾರ್ಚ್ 5

ಟ್ಯಾಂಕಿನ ತುಂಬ ಬಿಳಿ ನೊರೆ. ಬ್ಲೀಚಿಂಗ್ ಪೌಡರ್ ವಾಸನೆ. ಮೈಕ್ರೋಸ್ಕೋಪಿನಲ್ಲಿ ಒಂದೂ ಅಲುಗಾಡುತ್ತಿಲ್ಲ.

ಮನೆಗೆ ಓಡಿದೆ. ಅತ್ತೆ ಬಾಗಿಲಲ್ಲೇ ಸಿಕ್ಕರು.

"ನಿನ್ನ ಮರ್ಯಾದೆ ಪ್ರಶ್ನೆ ಅಂತ ಎರಡು ಪ್ಯಾಕೆಟ್ ಸುರಿದೆ ಕಣೇ. ಬೀದಿಯೋರಿಗೆಲ್ಲ ನಾನೇ ಹೇಳಿದೆ. ಅಂಗಡೀಲಿ ಸ್ಟಾಕೇ ಖಾಲಿ!"

ನನ್ನ ನೋಟೀಸು, ನನ್ನ ಅತ್ತೆ. ಯಾರನ್ನು ಬೈಯಲಿ? ವಿಷಯ ತಿಳಿದು ಅವರ ಮುಖ ಸಪ್ಪಗಾಯಿತು. "ಅಯ್ಯೋ... ಎಲ್ಲಾ ಸತ್ತೋದ್ವಾ?"

ಮಾರ್ಚ್ 6

ಆಚೆ ದಡದ ದೊಡ್ಡ ಪ್ಲಾಂಟಿಗೆ ಫೋನು. ಹುಳ ಇರುವ ಜೀವಂತ ಕೆಸರು ಹತ್ತು ಡ್ರಮ್ ಕೊಡುತ್ತಾರಂತೆ. ತರುವುದು ಹೇಗೆ? ಇರುವುದು ಒಂದೇ ಬೋಟು. ಅದರ ಡ್ರೈವರೋ, ಮೀನಿನ ಬುಟ್ಟಿಯನ್ನೂ ಮೂಗು ಮುಚ್ಚಿಕೊಂಡು ಹತ್ತಿಸುವ ಆಸಾಮಿ.

ಮಾರ್ಚ್ 7

ಡ್ರಮ್ಮುಗಳ ಮೇಲೆ ಚಾಕ್‌ಪೀಸಿನಲ್ಲಿ ದಪ್ಪಗೆ ಬರೆದೆ: ಹೆಪ್ಪು. ಸುಳ್ಳೇನಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ ಟ್ಯಾಂಕಿಗೆ ಇದು.

"ಹತ್ತು ಡ್ರಮ್ಮಾ! ಎಷ್ಟು ಹಾಲಿದೆ ಮೇಡಂ?"

"ತುಂಬಾ ಇದೆ ಅಣ್ಣ."

ಅರ್ಧ ದಾರಿಯಲ್ಲಿ ಡ್ರೈವರ್ ಲೋಟ ಹಿಡಿದು ಬಂದರು. "ನಮ್ಮನೇಲಿ ಮೊಸರು ಗಟ್ಟಿಯಾಗ್ತಾನೇ ಇಲ್ಲ. ಒಂಚೂರು ಕೊಡಿ." ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ಕೈ ಹಿಡಿದು ಎಲ್ಲ ಹೇಳಿದೆ — ನೋಟೀಸು, ಬ್ಲೀಚಿಂಗ್, ಸತ್ತ ಹುಳ, ಕೆಂಪು ಬೋರ್ಡು.

ಲೋಟ ನೋಡಿದರು. ನನ್ನನ್ನು ನೋಡಿದರು. ಎಂಜಿನ್ ನಿಲ್ಲಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಇಪ್ಪತ್ತು ವರ್ಷದಿಂದ ಜನಾನ ಹೊತ್ತೆ. ಈಗ ಅವರು ಬಿಟ್ಟಿದ್ದನ್ನೂ ಹೊರಬೇಕಾ?" ಎಂದವರು ಬಿದ್ದು ಬಿದ್ದು ನಕ್ಕರು. ಆಮೇಲೆ ತಲೆ ಕೆರೆದುಕೊಂಡು, "ಆ ಬ್ಲೀಚಿಂಗಲ್ಲಿ ಮೂರು ಪ್ಯಾಕೆಟ್ ನಮ್ಮನೇದೂ ಇದೆ ಮೇಡಂ..." ಎಂಜಿನ್ ಮತ್ತೆ ಶುರು. ಬೋಟು ಇಷ್ಟು ಜೋರಾಗಿ ಓಡಿದ್ದು ನಾನು ನೋಡಿಲ್ಲ.

ಮಾರ್ಚ್ 12

ಹೆಪ್ಪು ಟ್ಯಾಂಕಿಗೆ ಸುರಿದಾಗಿನಿಂದ ಬರೆಯಲು ಪುರಸೊತ್ತೇ ಇರಲಿಲ್ಲ. ಇವತ್ತು ಅತ್ತೆ ಪ್ಲಾಂಟಿಗೇ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಬಾಲ ಅಲ್ಲಾಡಿಸ್ತಿದಾನೆ ಕಣೇ! ತಿನ್ನಪ್ಪಾ, ಹೊಟ್ಟೆ ತುಂಬಾ ತಿನ್ನು."

ಇಬ್ಬರಿಗೂ ಕಣ್ಣಲ್ಲಿ ನೀರು. ಹುಳಕ್ಕೆ ಅಳುವವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು.

ಮಾರ್ಚ್ 14

ಸಾಹೇಬರು ಬಾಟಲಿ ತುಂಬಿಕೊಂಡು ಹೋದರು. ರಿಪೋರ್ಟು ಲಕೋಟೆಯಲ್ಲಿ ಬರುತ್ತದಂತೆ.

ಮಾರ್ಚ್ 19, ಸಂಜೆ 5, ಬೀಚ್

ಪಾಸ್! ಬೋಟಿನವರೇ ಲಕೋಟೆ ತಂದರು, ನಾನು ಒಡೆಯುವ ತನಕ ಕದಲಲಿಲ್ಲ. ಈಗ ಹೆಂಡತಿ ಜೊತೆ ನೀರಿನಲ್ಲಿದ್ದಾರೆ.

"ನಿಜವಾಗ್ಲೂ ಇಳೀಬಹುದೇನೇ?" ಅತ್ತೆಗೆ ಇನ್ನೂ ಅನುಮಾನ.

"ಪೂರ್ತಿ ನನ್ನ ಜವಾಬ್ದಾರಿ ಅತ್ತೆ."

"ಹಾಗಾದ್ರೆ ನೀನೂ ಬಾ. ಆ ಪುಸ್ತಕ ಅತ್ಲಾಗಿಡು!"

ಅತ್ತೆ ಮೊಣಕಾಲಿನವರೆಗೆ ಇಳಿದಾಯಿತು. ಕೈ ಚಾಚಿ ನಿಂತಿದ್ದಾರೆ. ಬಂದೆ ಅತ್ತೆ, ಬಂ—