ಕೆನೆಬಣ್ಣವೋ ಗಾಢ ಬೂದೋ

ನವೆಂಬರ್ ೧೨, ಮಂಗಳವಾರ

ನಡುಮನೆಯ ಬಣ್ಣ ಕೊನೆಗೂ ತೀರ್ಮಾನವಾಯಿತು. ಆದರೆ ನಾನು ಗೆದ್ದೆ ಅಂತ ಬರೆಯುವ ಮುಖ ನನಗಿಲ್ಲ.

ಒಂದು ವಾರದಿಂದ ನಾನು ಕೆನೆಬಣ್ಣ ಅಂದರೆ ಅತ್ತೆ ಗಾಢ ಬೂದು ಅನ್ನುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಎತ್ತು ನಾನೇ ಅಂದುಕೊಂಡಿದ್ದೆ.

ಬೆಳಿಗ್ಗೆ ಪೇಂಟರ್ ಎರಡನ್ನೂ ಗೋಡೆಗೆ ಅಂಗೈಯಗಲ ಬಳಿದು, "ಅಮ್ಮಾ, ಯಾವ್ದು ಬೇಕು ನೋಡಿ ಹೇಳಿ" ಅಂದ. ಅತ್ತೆ ಬೂದಿನ ಕಡೆ ಬೆರಳು ತೋರಿಸಿ, "ಇದೊಂದೇ ಅಲ್ವಾ ಇರೋದು? ಇನ್ನೊಂದೆಲ್ಲಿ?" ಅಂದರು. ಕೆನೆಬಣ್ಣ ಅವರ ಮೂಗಿನ ಮುಂದೆಯೇ ಇತ್ತು.

ಒಳಗೆ ಕರೆದು ಕೇಳಿದೆ. "ಬೆಳ್ಳಗಿದ್ರೆ ಗೋಡೆ ಯಾವ್ದು, ಬಾಗಿಲು ಯಾವ್ದು ಗೊತ್ತಾಗಲ್ಲ ಕಣೇ. ಮೊನ್ನೆ ಹಣೆ ಬಡಿಸ್ಕೊಂಡಿದ್ದೂ ಹಾಗೇ. ಹೇಳಿದ್ರೆ ಕುರುಡಿ ಅಂತ ಮೂಲೇಲಿ ಕೂರಿಸಿಬಿಡ್ತೀರೇನೋ ಅಂತ ಸುಮ್ನಿದ್ದೆ." ಇದನ್ನು ಹಟ ಅಂತ ತಿಳಿದು ವಾರವಿಡೀ ಮುಖ ಊದಿಸಿಕೊಂಡಿದ್ದೆನಲ್ಲ!

ಸಂಜೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ದೀಪ ಹಿಡಿದು ನೋಡುವಷ್ಟು ಹೊತ್ತೂ ಅತ್ತೆ ನನ್ನ ಕೈ ಬಿಡಲಿಲ್ಲ. "ಎರಡೂ ಕಣ್ಣಿಗೆ ಪೊರೆ ಬಂದಿದೆ, ಅಷ್ಟೇ. ತೆಗೆದ್ರೆ ಚೆನ್ನಾಗಿ ಕಾಣುತ್ತೆ" ಅಂದರು ಡಾಕ್ಟರ್. ಹೋದ ಜೀವ ಬಂದಂತಾಯಿತು, ಇಬ್ಬರಿಗೂ.

ಗೋಡೆಗೆ ಕೆನೆ, ಬಾಗಿಲಿಗೂ ಚೌಕಟ್ಟಿಗೂ ಗಾಢ ಬೂದು ಅಂತ ಬರುವ ದಾರಿಯಲ್ಲೇ ಮಾತಾಯಿತು. "ಆಪರೇಷನ್ ಆಗ್ಲಿ, ಆಮೇಲೆ ನೋಡ್ತೀನಿ. ಚೆನ್ನಾಗಿಲ್ದಿದ್ರೆ ಎಲ್ಲಾ ಕೆರೆಸಿ ಮತ್ತೆ ಬಳಿಸೋದೇ" ಅಂದರು ಅತ್ತೆ.

ಬಳಿಸಲಿ. ಎಷ್ಟು ಸಲ ಬೇಕಾದರೂ ಬಳಿಸಲಿ. ಪಕ್ಕದ ಕೋಣೆಯಿಂದ ಅವರ ಗೊರಕೆ ಕೇಳುತ್ತಿದೆ. ನನಗೂ ನಿದ್ದೆ ಎಳೆಯುತ್ತಿದೆ, ನಾಳೆ ಪೇಂಟರ್ ಬರುವುದರೊಳಗೆ ಸೋಫಾ ಸರಿಸಿ...