ಸಾಮೋ ಮುದುಕನನ್ನು ಹೊಗಳಿದ ತಪ್ಪು

ವಗಾಡುಗು
9 ಏಪ್ರಿಲ್ 1998

ನನ್ನ ಆಳು ತೋಯೆ ದೊಡ್ಡಪ್ಪನಿಗೆ,

ನಿಮ್ಮ ಒಡತಿ ನೊಂಗ್ಮಾ ಮಾಡುವ ವಂದನೆ. ದೊಡ್ಡಮ್ಮನ ಮಂಡಿನೋವು ಹೇಗಿದೆ? ನಿಮ್ಮೂರು ತೋಮಾದಲ್ಲಿ ನಾಯಿಗಳು ಉಳಿದಿವೆಯೇ, ಇಲ್ಲ ಎಲ್ಲವನ್ನೂ ನಿಮ್ಮ ಸಾಮೋ ಜನ ಬೇಯಿಸಿ ಮುಗಿಸಿದರೇ? ನೀವು ಊರಿಗೆ ಹೋಗಿ ಐದು ವಾರವಾದರೂ ನಾನು ಒಂದು ಸಾಲು ಬರೆಯಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ಕಾಗದ ಬರೆದು ಹರಿದೆ.

ರೇಡಿಯೋದಲ್ಲಿ ನಮ್ಮ ಸಿನಿಮಾ ವಿಮರ್ಶೆಯ ಕಾರ್ಯಕ್ರಮ 'ಶುಕ್ರವಾರದ ಪರದೆ' ನಡೆಯುತ್ತಿದೆ. ನಿಮ್ಮ ಕುರ್ಚಿಯಲ್ಲಿ ನಾನು ಕೂರುವುದಿಲ್ಲ, ನಿಂತೇ ಮಾತಾಡುತ್ತೇನೆ. ಕೇಂದ್ರದ ಮುಖ್ಯಸ್ಥರು ಅದನ್ನು ಹೊಸ ಶೈಲಿ ಎಂದುಕೊಂಡಿದ್ದಾರೆ. ಮೊದಲ ವಾರವೇ ಒಂದು ಪ್ಯಾರಿಸ್ ಚಿತ್ರವನ್ನು ತರಾಟೆಗೆ ತೆಗೆದುಕೊಂಡೆ. ನಮ್ಮ ನೆಲವನ್ನೆಲ್ಲ ತೋರಿಸಿ ನಮ್ಮವರ ಬಾಯಿಗೆ ಒಂದು ಮಾತೂ ಕೊಡದ ಚಿತ್ರ. ಸಿನಿಮಾ ಜನರ ಆಸ್ತಿ, ವಿಮರ್ಶಕ ಅದರ ಕಾವಲುಗಾರ ಎಂದು ನನ್ನ ಕಾಲೇಜು ದಿನಗಳ ಕರಪತ್ರಗಳ ಭಾಷೆಯಲ್ಲೇ ಹೇಳಿದೆ. ನೀವಿದ್ದಿದ್ದರೆ ಆಕಳಿಸುತ್ತಿದ್ದಿರಿ.

ಕೊನೆಯಲ್ಲಿ ಎರಡು ನಿಮಿಷ ನಿಮ್ಮ ಬಗ್ಗೆ ಮಾತಾಡಿದೆ. ಹತ್ತೊಂಬತ್ತು ವರ್ಷದ ದುಡಿಮೆ, ಪ್ರಾಮಾಣಿಕತೆ, ನನ್ನ ಗುರು ಎಂದೆಲ್ಲ ಹೊಗಳಿದೆ. ಮರುದಿನ ಬೆಳಿಗ್ಗೆ ಕಾಫಿ ಗೂಡಂಗಡಿಯ, ನಮ್ಮ ಮೋಸಿ ಕುಲದವನೇ ಆದ ಯಾಂಬಾ ನನಗೆ ಬ್ರೆಡ್ಡು ಕೊಡುವ ಮುಂಚೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಮೋಸಿ ಹುಡುಗಿ ಸಾಮೋ ಮುದುಕನನ್ನು ಹೊಗಳುವುದು ಎಲ್ಲಿಯ ಪದ್ಧತಿ ಎಂದು ಕೇಳಿದ.

"ನಮ್ಮಜ್ಜ ಸತ್ತಾಗ ಸಾಮೋಗಳು ಬಂದು ಹೆಣದ ಮುಂದೇನೇ ಅವನ ಗೊರಕೆ ಅಣಕಿಸಿ ಎಲ್ರನ್ನೂ ನಗಿಸಿದ್ರು ಕಣಮ್ಮ. ನೀನು ಬದುಕಿರೋ ಮನುಷ್ಯನ್ನ ಹೊಗಳಿ ಹೂತುಬಿಟ್ಯಲ್ಲ."

ಒಬ್ಬರನ್ನೊಬ್ಬರು ಆಳು ಎಂದು ಬೈದರೂ ಸಿಟ್ಟಾಗಬಾರದು, ಹೊಗಳಿದರೆ ನಂಟು ಹರಿದಂತೆ. ನಮ್ಮ ಎರಡು ಕುಲಗಳ ಈ ಒಪ್ಪಂದವನ್ನು ಹಳೆಯ ಕಾಲದ ಕೊಳೆ ಎಂದು ಗೋಡೆಪತ್ರಿಕೆಯಲ್ಲಿ ಬರೆದವಳು ನಾನು. ಆದರೆ ಆ ಸಂಜೆಯೇ ನೀವು ಕಚೇರಿಗೆ ಫೋನ್ ಮಾಡಿದಿರಿ.

"ಏನವ್ವಾ, ನನ್ನ ಹೊಗಳಿದ್ಯಂತೆ. ನಾನು ನಿಂಗೇನು ತಪ್ಪು ಮಾಡ್ದೆ?"

ನೀವು ನಗುತ್ತಿರಲಿಲ್ಲ. ಲೈನು ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.

ನಿಮ್ಮ ಕಣ್ಣು ಹೋಗಿದೆ ಎಂದು ಕೇಂದ್ರಕ್ಕೆ ತಿಳಿಸಿ ನಿಮ್ಮ ಕೆಲಸ ಕಳೆದ ಆ ಹೆಸರಿಲ್ಲದ ಕಾಗದದ ಸುದ್ದಿ ಇಲ್ಲಿ ಈಗಲೂ ಎಲ್ಲರ ಬಾಯಲ್ಲಿದೆ. ಆಸ್ಪತ್ರೆಯ ಗುಮಾಸ್ತನ ಕೆಲಸವಿರಬೇಕು ಎನ್ನುತ್ತಾರೆ. ಚಿತ್ರಮಂದಿರದಲ್ಲಿ ನಿಮ್ಮ ಪಕ್ಕ ಕೂತು ಪರದೆಯ ಮೇಲೆ ನಡೆಯುವುದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದುದು ನೆನಪಾಗುತ್ತದೆ. ಆಕೆ ನಿಜವಾಗಿ ಅಳುತ್ತಿದ್ದಾಳಾ, ಅಳುವ ಹಾಗೆ ಮಾಡುತ್ತಿದ್ದಾಳಾ ಎಂದು ಕೇಳುತ್ತಿದ್ದಿರಿ. ಕಣ್ಣಿದ್ದ ನಾನು ತಡವರಿಸುವಷ್ಟರಲ್ಲಿ ನೀವು ದನಿ ಕೇಳಿಯೇ ತೀರ್ಮಾನಿಸಿರುತ್ತಿದ್ದಿರಿ.

ದೇವರು ನಿಮಗೆ ತಂಪಾದ ಮಧ್ಯಾಹ್ನಗಳನ್ನೂ ದೊಡ್ಡಮ್ಮನಿಗೆ ಗಟ್ಟಿ ಮಂಡಿಗಳನ್ನೂ ಕೊಡಲಿ.

ನಿಮ್ಮ
ನೊಂಗ್ಮಾ ಸಾವಾದೊಗೊ

ಮ.ವಿ.: ದೊಡ್ಡಮ್ಮಾ, ಓದಿ ಹೇಳುವುದನ್ನು ಇಲ್ಲಿಗೆ ನಿಲ್ಲಿಸಬೇಡಿ. ದೊಡ್ಡಪ್ಪಾ, ಆ ಗುಮಾಸ್ತನದು ಏನೂ ತಪ್ಪಿಲ್ಲ. ಕಾಗದ ಬರೆದವಳು ನಾನು. ಕಾಣದ ಚಿತ್ರವನ್ನು ಕಂಡೆ ಎನ್ನುವುದು ಜನರಿಗೆ ಮಾಡುವ ಮೋಸ ಎಂದು ನಂಬಿ ಬರೆದೆ. ಇಂದಿಗೂ ಅದನ್ನು ಸುಳ್ಳೆನ್ನಲಾರೆ. ಆದರೆ ನೀವು ನನ್ನೊಬ್ಬಳನ್ನೇ ನಂಬಿ ಹೇಳಿದ ಮಾತು ಅದು. ನಿಮ್ಮೆದುರು ನಿಂತು ಕೇಳಲಿಲ್ಲ, ಕೆಳಗೆ ಹೆಸರೂ ಹಾಕಲಿಲ್ಲ. ಸತ್ಯಕ್ಕೇಕೆ ಮುಸುಕು ಎಂದು ಗೋಡೆಯ ಮೇಲೆ ಬರೆದ ಕೈಯೇ ಇದು. ಈಗ ನೀವು ನಕ್ಕು, ಮೋಸಿ ಆಳಿನ ಬುದ್ಧಿ ಇಷ್ಟೇ ಎಂದು ಬೈದು ಮುಗಿಸಿಬಿಡುತ್ತೀರಿ. ನಮ್ಮ ನಂಟು ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ನನಗೆ ಅದು ಬೇಡ. ಒಂದು ಸಲ, ಒಂದೇ ಸಲ, ನಿಜವಾಗಿ ಸಿಟ್ಟಾಗಿ. ಅಲ್ಲಿಯವರೆಗೆ ನಿಮ್ಮ ಕುರ್ಚಿಯ ಪಕ್ಕ ನಾನು ನಿಂತೇ ಇರುತ್ತೇನೆ.